ಮೀಸೆಯಿಲ್ಲದ ಲೆನ್ನಿ

ಲೆನ್ನಿ ಪ್ರುಖ್ನಿಕ್‌ನನ್ನು ಮಣ್ಣು ಮಾಡುವ ದಿನ ಬೆಳಿಗ್ಗೆ ಅಮೆರಿಕದ ಈರಿ ಊರಿನ ಪತ್ರಿಕೆಯಲ್ಲಿ ಅವನ ಸಾವಿನ ಸುದ್ದಿ ಬಂತು. ಹುಟ್ಟಿದ್ದು, ಬೇಸ್‌ಬಾಲ್ ಆಡಿದ್ದು, ಹೋದದ್ದು ಎಲ್ಲ ಸರಿಯಾಗಿಯೇ ಇತ್ತು. ಫೋಟೋ ಮಾತ್ರ ಬೇರೆಯವನದು. ಗಿಡ್ಡ ಕತ್ತಿನ, ದಪ್ಪ ಮೀಸೆಯ ಯಾರೋ ಒಬ್ಬ ಲೆನ್ನಿಯ ಹೆಸರಿನ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದ.

ಅಕ್ಕ ಬರ್ನಡೀನ್ ಕರಿಯ ಉಡುಪಿನಲ್ಲೇ ಪತ್ರಿಕೆಯವರಿಗೆ ಫೋನ್ ಮಾಡಿದಳು.

"ಅದು ನನ್ನ ತಮ್ಮ ಅಲ್ಲ."

"ಹುಡುಕಿದ್ರೆ ಅದೇ ಬರುತ್ತೆ ಮೇಡಂ," ಅಂದಿತು ಆ ಕಡೆಯ ಎಳೆಯ ದನಿ. "ಲೆನ್ನಿ ಪ್ರುಖ್ನಿಕ್ ಅಂದ್ರೆ ಆ ಮೀಸೆ ಕಾರ್ಡೇ ಫೇಮಸ್ಸು."

"ಹಾಗಾದ್ರೆ ಇವತ್ತು ಆ ಮೀಸೆಯವನನ್ನೇ ಹೂಳ್ರಪ್ಪ. ನಮ್ಮವನನ್ನ ಮನೆಗೆ ಕಳಿಸಿಬಿಡಿ," ಎಂದು ಫೋನ್ ಕುಕ್ಕಿದಳು.

ಬರ್ನಡೀನ್ ಇದ್ದದ್ದೇ ಹಾಗೆ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದೇ ಆಯಸ್ಸು ಕಳೆದವಳು. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ತಟ್ಟೆ ಹಿಡಿದು ಅವಳೆದುರು ಸಾಲಿನಲ್ಲಿ ನಿಂತವರು. ಈಗ ಅವರಲ್ಲಿ ಒಬ್ಬ ಪೊಲೀಸು, ಒಬ್ಬ ದಂತವೈದ್ಯ, ಒಬ್ಬ ಪಾದ್ರಿ. ಆದರೂ ಎದುರಿಗೆ ಸಿಕ್ಕರೆ ಇಂದಿಗೂ ಬೆನ್ನು ನೆಟ್ಟಗೆ ಮಾಡುತ್ತಾರೆ. ಅವಳ ಎಡಗೈಯ ಕಿರುಬೆರಳು ಸೊಟ್ಟ. ಹಿತ್ತಲಿನ ಓಣಿಯಲ್ಲಿ ತಮ್ಮ ಎಸೆದ ಚೆಂಡನ್ನು ಹಿಡಿಯುತ್ತಿದ್ದವಳು ಅವಳೇ, ಮುರಿದದ್ದೂ ಆ ಚೆಂಡಿಗೇ. ಬೆರಳಿನ ವಿಷಯ ಯಾರಾದರೂ ಕೇಳಿದರೆ ಪದಕ ತೋರಿಸಿದ ಹಾಗೆ ಎತ್ತಿ ತೋರಿಸುತ್ತಿದ್ದಳು.

ಲೆನ್ನಿ ದೊಡ್ಡ ಲೀಗಿನಲ್ಲಿ ಆಡಿದ್ದು ಒಂದೇ ಬೇಸಿಗೆ. ಆಗ ದೇಶಕ್ಕೆಲ್ಲ ಕಾರ್ಡಿನ ಹುಚ್ಚು. ಆಟಗಾರರ ಚಿತ್ರದ ಆ ಪುಟ್ಟ ರಟ್ಟುಗಳೇ ಮುಂದೆ ಮಕ್ಕಳನ್ನು ಕಾಲೇಜು ಓದಿಸುತ್ತವೆ ಎಂದು ನಂಬಿ ಅಪ್ಪಂದಿರು ಪೆಟ್ಟಿಗೆಗಟ್ಟಲೆ ಕೊಂಡು, ಬಿಚ್ಚದೆ ನೆಲಮಾಳಿಗೆಯಲ್ಲಿ ಪೇರಿಸಿದರು. ಅಚ್ಚಿನವರು ಬಿಡುವಿಲ್ಲದೆ ಮುದ್ರಿಸಿದರು. ಎಲ್ಲರ ಮನೆಯಲ್ಲೂ ಇರುವ ವಸ್ತುವನ್ನು ಯಾರು ಕೊಳ್ಳುತ್ತಾರೆ? ಆ ಕಾಲದ ಕಾರ್ಡುಗಳೆಂದರೆ ಇವತ್ತು ಮಕ್ಕಳೂ ಮೂಸಿ ನೋಡುವುದಿಲ್ಲ. ಬೆಲೆ ಉಳಿದದ್ದು ಅವಸರದಲ್ಲಿ ತಪ್ಪಾಗಿ ಅಚ್ಚಾಗಿ ಆಮೇಲೆ ತಿದ್ದಿಸಿಕೊಂಡ ಕೆಲವಕ್ಕೆ ಮಾತ್ರ.

ಲೆನ್ನಿಯ ಕಾರ್ಡಿನ ಹಣೆಬರಹವೂ ಅದೇ. ಮೊದಲ ಕಂತಿನಲ್ಲಿ ಅವನ ಹೆಸರಿಗೆ ತಂಡದ ಇನ್ನೊಬ್ಬನ ಮುಖ ಅಂಟಿತು. ತಿದ್ದಿ ಅಚ್ಚು ಹಾಕಿದ ಮೇಲೆ ಲೆನ್ನಿಯ ಸ್ವಂತ ಮುಖ ಲಕ್ಷಗಟ್ಟಲೆ ಬಂತು. ಹೀಗಾಗಿ ಮೀಸೆಯವನು ಗಾಜಿನ ಪೆಟ್ಟಿಗೆಗೆ ಏರಿದ, ಲೆನ್ನಿ ಕಸದ ಡಬ್ಬಕ್ಕೆ ಇಳಿದ.

ಭುಜ ಕೈಕೊಟ್ಟು ಆಟ ಮುಗಿದ ಮೇಲೆ ಲೆನ್ನಿ ಊರಿಗೆ ಬಂದು ರೈಲು ಎಂಜಿನ್ನಿನ ಕಾರ್ಖಾನೆ ಸೇರಿದ. ಬಾರಿನಲ್ಲಿ ಕೂತರೆ ಯಾರಾದರೊಬ್ಬ, "ಏನ್ ಲೆನ್ನಿ, ಮೀಸೆ ಅಡವಿಟ್ಯಾ?" ಎಂದು ಕೆಣಕುವುದು ಇದ್ದೇ ಇತ್ತು. ಅವನು ನಗುತ್ತಿದ್ದ. ಆದರೆ ಮೀಸೆ ಕಾರ್ಡು ತಂದು ಸಹಿ ಕೇಳಿದವರಿಗೆ ಒಮ್ಮೆಯೂ ಅದರ ಮೇಲೆ ಸಹಿ ಹಾಕಲಿಲ್ಲ. ಜೇಬಿನಿಂದ ತನ್ನ ನಿಜಮುಖದ ಕಾರ್ಡು ತೆಗೆದು, ಸಹಿ ಹಾಕಿ, "ಈ ಮಹಾಶಯನ್ನ ನಂಗೆ ಕೊಡು, ನನ್ನನ್ನ ನೀನಿಟ್ಕೋ," ಅನ್ನುತ್ತಿದ್ದ. ಆಗಿನ್ನೂ ಬೆಲೆ ಏರಿರಲಿಲ್ಲ, ಜನ ಖುಷಿಯಿಂದಲೇ ಬದಲಾಯಿಸಿಕೊಂಡರು. ಬಂದವನ್ನೆಲ್ಲ ಅವನು ನೀಲಿ ಬಿಸ್ಕತ್ತಿನ ಡಬ್ಬಿಗೆ ತುಂಬಿದ. ಎಲ್ಲ ಮೀಸೆಯನ್ನೂ ಬಾಚಿಕೊಂಡರೆ ಲೋಕದಲ್ಲಿ ತನ್ನ ಮುಖವೊಂದೇ ಉಳಿಯುತ್ತದೆ ಎನ್ನುವುದು ಅವನ ಲೆಕ್ಕ.

ಹೂತು ಬಂದ ಮೇಲಿನ ಶನಿವಾರ ಬರ್ನಡೀನ್ ಆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಕಾರ್ಡು ಸಂತೆಗೆ ಹೋದಳು. ಊರಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ವಸಂತಕ್ಕೊಮ್ಮೆ ನಡೆಯುವ ಸಂತೆ ಅದು. ಅವಳಿಗೆ ಬೇಕಾದದ್ದು ಒಂದೇ: ತಮ್ಮನ ನಿಜಮುಖ ಗಾಜಿನ ಪೆಟ್ಟಿಗೆಯಲ್ಲಿ, ನಾಲ್ಕು ಜನ ನೋಡುವ ಕಡೆ ಕೂರಬೇಕು.

ಸಂತೆಯ ಯಜಮಾನ ಡ್ವೇನ್ ಹಾರ್ಕ್ಲೆಸ್, ಅವಳ ಕೈಯಡುಗೆ ಉಂಡು ಬೆಳೆದವನೇ. ಅವನ ಮೇಜಿನ ಮೇಲೆ, ಬೀಗ ಹಾಕಿದ ಪೆಟ್ಟಿಗೆಯ ನಡುಮಧ್ಯದಲ್ಲಿ ಮೀಸೆ ಮೆರೆಯುತ್ತಿತ್ತು.

"ಇವನ ಪಕ್ಕದಲ್ಲಿ ನಮ್ಮ ಲೆನ್ನೀನ ಇಡು ಡ್ವೇನ್," ಅಂದಳು.

"ಬರ್ನಡೀನ್, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಅದನ್ನ ಇಟ್ರೆ ಜನ ನಗ್ತಾರೆ. ಆ ಕಾರ್ಡು ಪುಕ್ಕಟೆ ಕೊಟ್ರೂ ಬೇಡ ಅಂತಾರೆ."

ಅವಳು ಡಬ್ಬಿ ತೆಗೆದು ಮುಚ್ಚಳ ಎತ್ತಿದಳು. ಡ್ವೇನ್ ಮೇಜಿನ ಮೇಲೆ ಬಾಗಿ, ಎರಡೂ ಕೈಯಲ್ಲಿ ಡಬ್ಬಿಯನ್ನು ಮರೆಮಾಡಿದ.

"ಮುಚ್ಚಿ, ಮುಚ್ಚಿ. ಯಾರಾದ್ರೂ ನೋಡಿಬಿಟ್ಟಾರು. ಎಲ್ಲಿತ್ತು ಇಷ್ಟೊಂದು?"

"ಲೆನ್ನಿ ಕೂಡಿಸಿದ್ದು."

"ಅಯ್ಯೋ ದೇವರೇ," ಎಂದು ಡ್ವೇನ್ ದನಿ ತಗ್ಗಿಸಿದ. "ಇವು ಎಲ್ಲೂ ಸಿಕ್ಕಲ್ಲ ಅಂತಲೇ ಇಷ್ಟು ಬೆಲೆ ಬಂದಿದ್ದು. ಸಿಕ್ಕದ ಹಾಗೆ ಮಾಡಿದ್ದು ಲೆನ್ನೀನೇ ಅಂತಾಯ್ತು. ನೋಡಿ, ವರ್ಷಕ್ಕೆ ಒಂದೊಂದೇ ಬಿಡೋಣ, ಬಾಯಿ ಮಾತ್ರ ಬಿಡಬೇಡಿ. ನಿಮ್ಮ ಮನೆ ಸೋರುತ್ತಂತಲ್ಲ, ಛಾವಣಿಗೆ ಛಾವಣಿಯೇ ಹೊಸದಾಗುತ್ತೆ."

ಪಾಪ, ಲೆನ್ನಿ ಆಯಸ್ಸಿಡೀ ಯಾವ ಮೀಸೆಯನ್ನು ಅಳಿಸಲು ಹೆಣಗಿದನೋ ಅದನ್ನು ತನ್ನ ಕೈಯಾರೆ ದೊಡ್ಡ ಮನುಷ್ಯನನ್ನಾಗಿ ಮಾಡಿಟ್ಟು ಹೋಗಿದ್ದ. ಬರ್ನಡೀನಳಿಗೆ ಅಳು ಬಂತು, ಸಿಟ್ಟೂ ಬಂತು. ಆದರೂ ಛಾವಣಿಯ ಆಸೆ ಸುಳ್ಳಲ್ಲ. ಲೆನ್ನಿಯ ಕೋಣೆಯಲ್ಲಿ ಬಕೆಟ್ ಇಟ್ಟು ಇಟ್ಟು ಅವಳಿಗೂ ಸಾಕಾಗಿತ್ತು. ಹೂಂ ಅನ್ನುವುದೊಂದೇ ಬಾಕಿಯಿತ್ತು.

ಯೋಚಿಸಲು ಹೊತ್ತು ಬೇಕೆಂದು ಚೀಲವನ್ನು ಕೆಳಗಿಡಲು ಬಾಗಿದಳು. ಮೇಜಿನ ಕಾಲಿನ ಕೆಳಗೆ ಮಡಿಚಿದ ರಟ್ಟೊಂದು ಸಿಕ್ಕಿಕೊಂಡಿತ್ತು. ಅದರ ಅಂಚಿನಿಂದ ಒಂದು ಟೋಪಿ, ಟೋಪಿಯ ಕೆಳಗಿನ ಒಂದು ಕಣ್ಣು ಅವಳನ್ನು ನೋಡುತ್ತಿತ್ತು.

"ಇದೇನೋ ಇದು?"

ಡ್ವೇನ್ ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಮೇಜು ಅಲ್ಲಾಡ್ತಿತ್ತು. ಯಾವುದು ಅಂತ ನೋಡ್ಲಿಲ್ಲ, ಕೈಗೆ ಸಿಕ್ಕಿದ್ದು ಇಟ್ಟೆ."

ಬರ್ನಡೀನ್ ಸೊಟ್ಟ ಬೆರಳು ತೂರಿಸಿ ತಮ್ಮನನ್ನು ಎಳೆದುಕೊಂಡಳು. ಮೇಜು ವಾಲಿತು, ಗಾಜಿನ ಪೆಟ್ಟಿಗೆ ಜಾರಿತು, ಡ್ವೇನ್ ಅದನ್ನು ಮಗುವಿನ ಹಾಗೆ ಅಪ್ಪಿ ಹಿಡಿದ. ಅವಳು ತಿರುಗಿಯೂ ನೋಡದೆ ಡಬ್ಬಿ ಎತ್ತಿಕೊಂಡು ವೇದಿಕೆಗೆ ಹೋಗಿ, ಲಾಟರಿ ಚೀಟಿ ಕೂಗಲು ಇಟ್ಟಿದ್ದ ಮೈಕನ್ನು ಕೈಗೆತ್ತಿಕೊಂಡಳು.

"ಎಲ್ಲ ಕೇಳಿಸ್ಕೊಳ್ಳಿ. ನನ್ನ ಹತ್ರ ಡಬ್ಬಿ ತುಂಬ ಮೀಸೆ ಇದೆ. ನಿಮ್ಮ ಕಸದ ಡಬ್ಬಗಳಲ್ಲಿ ನನ್ನ ತಮ್ಮ ಇದಾನೆ, ಮೀಸೆ ಇಲ್ಲದವನು. ಅವನನ್ನ ಹುಡುಕಿ ತನ್ನಿ, ಒಂದಕ್ಕೆ ಒಂದು ಮೀಸೆ ತಗೊಂಡು ಹೋಗಿ."

"ಬರ್ನಡೀನ್, ಬೇಡ," ಎಂದು ಡ್ವೇನ್ ಅಲ್ಲಿಂದಲೇ ಕೂಗಿದ. "ಹೀಗೆ ಹಂಚಿದ್ರೆ ಸಾಯಂಕಾಲಕ್ಕೆ ಇದಕ್ಕೂ ಕವಡೆ ಕಿಮ್ಮತ್ತಿರಲ್ಲ."

"ಅದಕ್ಕೇ ಕೊಡ್ತಿರೋದು."

"ಛಾವಣಿ?"

"ಬಕೆಟ್ ಇದೆ ನನ್ನ ಹತ್ರ."

ಆಮೇಲೆ ಶುರುವಾಯಿತು ನೂಕುನುಗ್ಗಲು. ಮೇಜುಗಳ ಕೆಳಗೆ ಬಿದ್ದಿದ್ದ, ಬಿಟ್ಟಿಯಾಗಿ ಕೊಟ್ಟರೂ ಬೇಡವೆನ್ನಿಸಿಕೊಂಡ ಹಳೆಯ ಕಾರ್ಡುಗಳ ಡಬ್ಬಗಳಿಗೆ ಜನ ಮೊಣಕೈವರೆಗೆ ಕೈ ಹಾಕಿದರು. ದಂತವೈದ್ಯ ನೆಲದ ಮೇಲೆ ಮಂಡಿಯೂರಿ ಕೂತು ಕೆದಕಿದ. ಸಿಕ್ಕವರು ಓಡಿಬಂದು ವೇದಿಕೆಗೆ ಮುತ್ತಿಕೊಂಡಾಗ ಬರ್ನಡೀನ್ ಹಳೆಯ ದನಿ ತೆಗೆದಳು.

"ಸಾಲಾಗಿ ನಿಲ್ಲಿ. ನೂಕಿದವರಿಗೆ ಇಲ್ಲ."

ನರೆತ ತಲೆಗಳೆಲ್ಲ ಸಾಲಾಗಿ ನಿಂತವು. ಅವಳು ಒಬ್ಬೊಬ್ಬರಿಂದಲೂ ತಮ್ಮನನ್ನು ಇಸಿದುಕೊಂಡು, ಅಂಗೈಯಲ್ಲಿ ಒರೆಸಿ, ಪಕ್ಕಕ್ಕೆ ಜೋಡಿಸುತ್ತ ಹೋದಳು. ಡಬ್ಬಿ ತಳ ಕಾಣುವ ಹೊತ್ತಿಗೆ ಸಾಲಿನ ಕೊನೆಯಲ್ಲಿ ಡ್ವೇನ್ ಬಂದು ನಿಂತ. ಅವನ ಕೈ ಖಾಲಿಯಿತ್ತು.

"ನನ್ನ ಡಬ್ಬದಲ್ಲಿದ್ದ ಲೆನ್ನಿಗಳನ್ನೆಲ್ಲ ಬೇರೆಯವರು ಬಾಚ್ಕೊಂಡು ಹೋದ್ರು," ಅಂದ. "ಆ ಮಡಿಚಿದ್ದೊಂದು ಕೊಡಿ. ಗಾಜಿನ ಪೆಟ್ಟಿಗೆಯಲ್ಲೇ ಇಡ್ತೀನಿ."

"ಈಗ ಇಟ್ರೆ ಜನ ನಗಲ್ವಾ?"

ಹಾಗೆ ಕೇಳುತ್ತಲೇ ಅವಳು ಮಡಿಕೆ ಬಿದ್ದ ಆ ಕಾರ್ಡನ್ನು ಅಂಗಿಯ ಜೇಬಿಗೆ ಸೇರಿಸಿ ಗುಂಡಿ ಹಾಕಿಕೊಂಡಳು.

"ಇವನು ಮನೆಗೆ ಬರ್ತಾನೆ. ನೀನು ಬೇರೆ ಹುಡುಕ್ಕೋ."

ಡ್ವೇನ್ ಪಕ್ಕದ ಮೇಜಿನ ಕಡೆಗೆ ನಡೆದ. ಅಲ್ಲಿಯವನು ಒಂದು ಮೀಸೆ ಎತ್ತಿ ತೋರಿಸಿದ. ಡ್ವೇನ್ ಬೇಡವೆಂದು ಕೈಯಾಡಿಸಿದ.

"ಇವನಲ್ಲ ಮಾರಾಯ," ಅಂದದ್ದು ವೇದಿಕೆಯವರೆಗೂ ಕೇಳಿಸಿತು. "ನಂಗೆ ಲೆನ್ನಿ ಬೇಕು."