ಹವಾಲ್ದಾರ್ ಕಾಟಯ್ಯನ ಹತ್ತು ಗಂಟೆಯ ಫೋನು

ಹವಾಲ್ದಾರ್ ಕಾಟಯ್ಯ ತೀರಿಕೊಂಡು ತಿಂಗಳು ತುಂಬುವುದರೊಳಗೆ ಅವನ ಕುರಿಗಳು ಹಟ ಹಿಡಿದವು. ಹಿರಿಯೂರು ಸೀಮೆಯ ಆ ಹಟ್ಟಿಯಿಂದ ಒಂದು ಮೈಲಿಗೆ ಡಾಂಬರು ರಸ್ತೆ. ರಸ್ತೆಯ ಈಚೆ ಹುಲ್ಲು ಮುಗಿದು ನೆಲ ಬೋಳಾಗಿತ್ತು. ಆಚೆ ಆದಿವಾಲದ ಗಂಗಾಧರಪ್ಪನ ಹೊಲ, ಅದರ ಪಕ್ಕದ ಬೀಳು, ಜಾಲಿಯ ನೆರಳು ಎಲ್ಲವೂ ಇದ್ದವು. ಕಾಟಯ್ಯನ ಹಿಂದೆ ಶಾಲೆ ಮಕ್ಕಳ ಹಾಗೆ ದಿನಾ ಸಾಲಾಗಿ ದಾಟುತ್ತಿದ್ದ ಅರವತ್ತು ಕುರಿ, ಈಗ ಅವನ ತಮ್ಮ ಗೊಲ್ಲಪ್ಪ ಹೊಡೆದುಕೊಂಡು ಹೋದರೆ ರಸ್ತೆಯ ಅಂಚಿಗೆ ಬಂದು ನಿಂತುಬಿಡುತ್ತಿದ್ದವು. ಕೋಲು ಬೀಸಿದರೆ ಚದುರುತ್ತಿದ್ದವು. ಒಂದನ್ನು ಹೊತ್ತುಕೊಂಡು ಹೋಗಿ ಆಚೆ ಬಿಟ್ಟರೆ ಅದು ಗೊಲ್ಲಪ್ಪನಿಗಿಂತ ಮೊದಲು ಈಚೆಗೆ ಬಂದಿರುತ್ತಿತ್ತು.

ಎಂಟನೆಯ ದಿನ ಗೊಲ್ಲಪ್ಪ ಬಂದು ಅತ್ತಿಗೆ ನಾಗಕ್ಕನ ಒಲೆ ಮುಂದೆ ಟವೆಲ್ ಕೊಡವಿ ಕುಂತ.

"ಅತ್ತಿಗೆ, ನನ್ನ ಕೈಲಿ ಆಗಂಗಿಲ್ಲ. ಬರೋ ಸಂತೆಗೆ ಹೊಡೆದು ಕೊಟ್ಟುಬಿಡಾಣ."

ನಾಗಕ್ಕ ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಹಿಂಡು ಸಂತೆಗೆ ಹೋದರೆ ಗಂಡನ ಗುರುತು ಅಂತ ಮನೆಯಲ್ಲಿ ಉಳಿಯುವುದು ಗೋಡೆಯ ಮೇಲಿನ ಫೋಟೋ ಒಂದೇ. ಅದರಲ್ಲಿ ಅವನು ಮಿಲಿಟರಿ ಟೋಪಿ ಹಾಕಿಕೊಂಡು, ದವಡೆ ಬಿಗಿದುಕೊಂಡು, ಯಾರೋ ಪರವೂರಿನವನ ಹಾಗೆ ಕೂತಿದ್ದ. ಅವಳು ಬಲ್ಲ ಗಂಡ ಆ ಕುರಿಗಳ ಜೊತೆ ಹೋಗುತ್ತಿದ್ದವನು. ನಾಳೆ ತಾನೂ ಬರುತ್ತೇನೆ, ಆಮೇಲೆ ಸಂತೆಯ ಮಾತು ಎಂದಳು.

ಕಾಟಯ್ಯ ಮಿಲಿಟರಿ ಸೇರಿದ್ದೂ ಕುರಿಯ ದೆಸೆಯಿಂದಲೇ. ಹದಿನೆಂಟರ ಪ್ರಾಯದಲ್ಲಿ ಅಪ್ಪನ ಜೊತೆ ಕುರಿ ಮಾರಲು ಚಿತ್ರದುರ್ಗಕ್ಕೆ ಹೋದವನು, ಮೈದಾನದಲ್ಲಿ ನೂರಾರು ಜನ ಓಡುವುದನ್ನು ಕಂಡು ತಾನೂ ಓಡಿದ. ತಪ್ಪಿಸಿಕೊಂಡ ಕುರಿಯ ಹಿಂದೆ ಕಲ್ಲುಮುಳ್ಳಿನಲ್ಲಿ ಬಿದ್ದು ಎದ್ದು ಪಳಗಿದ ಕಾಲು. ಬರಿಗಾಲಲ್ಲೇ ಎಲ್ಲರನ್ನೂ ಹಿಂದೆ ಹಾಕಿದ. ಓಡಿ ಮುಗಿಸಿದ ಮೇಲೆ ಪಕ್ಕದವನನ್ನು ಕೇಳಿದನಂತೆ, ಇವರು ಯಾತಕ್ಕಪ್ಪ ಓಡಿಸ್ತಿರೋದು ಎಂದು. ಏನು ಕೆಲಸ ಬರುತ್ತದೆ ಎಂದು ಅಧಿಕಾರಿ ಕೇಳಿದಾಗ ಕುರಿ ಕಾಯುವುದು ಎಂದ. ಅವರು ಹಿಮದ ಬೆಟ್ಟಗಳಲ್ಲಿ ಸಾಮಾನು ಹೊರುವ ಹೇಸರಗತ್ತೆಗಳ ಹಗ್ಗವನ್ನು ಅವನ ಕೈಗೆ ಕೊಟ್ಟರು.

ಇಪ್ಪತ್ತು ವರ್ಷ ಅವನು ಆ ಹಗ್ಗ ಹಿಡಿದು ಅಕ್ಕಿ, ಬೇಳೆ, ಸೀಮೆಎಣ್ಣೆ ಬೆಟ್ಟ ಹತ್ತಿಸಿದ. ಅವನು ರಜೆಯ ಮೇಲೆ ಊರಿಗೆ ಬಂದರೆ ಅಲ್ಲಿ ಕತ್ತೆಗಳು ಯಾರ ಮಾತಿಗೂ ಜಗ್ಗುತ್ತಿರಲಿಲ್ಲವಂತೆ. ಒಬ್ಬ ಪಂಜಾಬಿ ಸಿಪಾಯಿ "ಬಾರೋ ಮಗ" ಎನ್ನುವುದನ್ನು ಬಾಯಿಪಾಠ ಮಾಡಿದ ಮೇಲೆಯೇ ಅವು ಹೆಜ್ಜೆ ಕಿತ್ತಿದ್ದು. ಈ ಕತೆ ಹೇಳಿದಾಗಲೆಲ್ಲ ಸಿಪಾಯಿಯ ಊರು ಬದಲಾಗುತ್ತಿತ್ತು, ಕತ್ತೆಗಳ ಕನ್ನಡಪ್ರೇಮ ಮಾತ್ರ ಬದಲಾಗುತ್ತಿರಲಿಲ್ಲ.

ಮಗಳು ಮೀನಾಕ್ಷಿ ಹುಟ್ಟಿದ ಸುದ್ದಿ ಅವನಿಗೆ ಮುಟ್ಟಿದ್ದು ಹನ್ನೊಂದು ದಿನದ ಮೇಲೆ. ಆಗೆಲ್ಲ ಅವನು ಇಂಥ ದಿನ ಇಂಥ ಹೊತ್ತಿಗೆ ಎಂದು ಕಾಗದ ಬರೆಯುವುದು, ನಾಗಕ್ಕ ಕೂಸನ್ನು ಎತ್ತಿಕೊಂಡು ಆದಿವಾಲದ ಎಸ್‌ಟಿಡಿ ಬೂತಿನ ಮುಂದೆ ಕಾಯುವುದು. ಲೈನು ಸಿಕ್ಕರೆ ಮೂರು ನಿಮಿಷ. ಅದರಲ್ಲಿ ಎರಡು ನಿಮಿಷ ಹಲೋ ಹಲೋ ಎನ್ನುವುದಕ್ಕೇ ಹೋಗುತ್ತಿತ್ತು. ಒಮ್ಮೆ ಇಡೀ ಮೂರು ನಿಮಿಷ ಕೂಸು ಅತ್ತಿತು. ಸುಮ್ಮನಾಗಿಸಲು ಒದ್ದಾಡುತ್ತಿದ್ದ ನಾಗಕ್ಕನಿಗೆ ಆ ಕಡೆಯಿಂದ ಕಾಟಯ್ಯ, "ಅಳ್ಳಿ ಬಿಡು, ಕೇಳ್ತಾ ಇದೀನಿ," ಎಂದ. ಅದೇ ಆ ತಿಂಗಳ ಮಾತು.

ನಿವೃತ್ತಿಯಾಗಿ ಬಂದವನಿಗೆ ದುರ್ಗದ ಒಂದು ಬ್ಯಾಂಕಿನಲ್ಲಿ ಕಾವಲಿನ ಕೆಲಸ ಸಿಕ್ಕಿತ್ತು. ಮೂರು ತಿಂಗಳಿಗೆ ಬಿಟ್ಟು ಬಂದ. ಬಾಗಿಲಲ್ಲಿ ನಿಲ್ಲುವುದೇ ಕೆಲಸವಾದರೆ ನಮ್ಮನೆ ಬಾಗಿಲಲ್ಲೇ ನಿಲ್ಲುತ್ತೇನೆ ಎಂದು ಕುರಿ ಕಟ್ಟಿದ. ಸಿರಿಗೆರೆಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳನ್ನು ನೋಡಲು ತಿಂಗಳಿಗೊಮ್ಮೆ ಬಸ್ಸು ಹತ್ತುತ್ತಿದ್ದ. ಒಂದು ಕೈಲಿ ಶೇಂಗಾ ಉಂಡೆಯ ಡಬ್ಬಿ, ಇನ್ನೊಂದು ಕೈಲಿ ಪಾಲಿಶ್ ಡಬ್ಬಿ. ಕಲ್ಲುಬೆಂಚಿನ ಮೇಲೆ ಕೂತು ಮೀನಾಕ್ಷಿಯ ಶೂ ತಿಕ್ಕಿದ್ದನ್ನು ಕಂಡು ಉಳಿದ ಹುಡುಗಿಯರೂ ತಮ್ಮ ಶೂ ತಂದಿಟ್ಟರು. ಹವಾಲ್ದಾರ್ ಸಾಹೇಬರು ಬೇಸರವಿಲ್ಲದೆ ಹನ್ನೆರಡು ಜೊತೆ ಮಿಂಚಿಸಿ ಕೊನೆಯ ಬಸ್ಸಿಗೆ ಬಂದರು. ಈಗ ಮೀನಾಕ್ಷಿ ಹೊಸದುರ್ಗದಲ್ಲಿ ಟೀಚರು.

ಮೊಬೈಲು ಬಂದ ಮೇಲಂತೂ ಕಾಟಯ್ಯನನ್ನು ಹಿಡಿಯುವವರಿರಲಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ರಸ್ತೆಯ ಅಂಚಿನಲ್ಲಿ ಬುತ್ತಿ ಬಿಚ್ಚಿ ಮನೆಗೆ ಫೋನು ಹಚ್ಚುತ್ತಿದ್ದ. ಕಣ್ಣೆದುರಿಗಿಂತ ಹೆಚ್ಚು ಮಾತು ಫೋನಿನಲ್ಲೇ. ಒಲೆ ಮೇಲೆ ಸಾರು ಉಕ್ಕುವ ಹೊತ್ತು, ನಾಗಕ್ಕನಿಗೆ ರೇಗುತ್ತಿತ್ತು. ಬುತ್ತಿ ಉಂಡಿರಾ ಎಂದು ಶುರುಮಾಡಿ, ನಾಯಿಗೆ ಹಾಕಬೇಡಿ, ಟವೆಲ್ ತಲೆಗೆ ಸುತ್ತಿಕೊಳ್ಳಿ ಎಂದು ಗದರಿ, ಲಾರಿ ನೋಡಿಕೊಂಡು ದಾಟಿ ಎಂದು ಮುಗಿಸುತ್ತಿದ್ದಳು. ಹದಿನೈದು ವರ್ಷ ಹೀಗೇ ನಡೆಯಿತು.

ಗೊಲ್ಲಪ್ಪ ಸಂತೆಯ ಮಾತೆತ್ತಿದ ಮರುದಿನ ಭಾನುವಾರ. ಮೀನಾಕ್ಷಿಯೂ ಬಂದಿದ್ದಳು. ಮೂವರೂ ಹಿಂಡಿನ ಜೊತೆ ರಸ್ತೆಗೆ ನಡೆದರು. ಹಿಂಡಿನ ಮುಂದೆ ನಡೆಯುವ ಮುದಿ ಕುರಿಗೆ ಕಾಟಯ್ಯ ಮೇಜರಮ್ಮ ಎಂದು ಹೆಸರಿಟ್ಟಿದ್ದ. ತನಗಿಂತ ದೊಡ್ಡ ರ‍್ಯಾಂಕು ಎಂದು ದಿನಾ ಬೆಳಿಗ್ಗೆ ಅದಕ್ಕೊಂದು ಸಲ್ಯೂಟು. ಆ ಮೇಜರಮ್ಮ ಡಾಂಬರಿನ ಅಂಚಿಗೆ ಬಂದು ನಿಂತಿತು. ಹಿಂದೆ ಐವತ್ತೊಂಬತ್ತೂ ನಿಂತವು. ಗೊಲ್ಲಪ್ಪ ಅಣ್ಣನ ಹಾಗೆ ಎದೆ ಉಬ್ಬಿಸಿ ಮಿಲಿಟರಿ ಆರ್ಡರಿನ ದನಿಯಲ್ಲಿ "ತೇಜ್ ಚಲ್" ಎಂದ. ಮೇಜರಮ್ಮ ಮೆಲುಕು ಹಾಕಿತು. ಮೀನಾಕ್ಷಿ ಹೊಂಗೆ ಸೊಪ್ಪು ತೋರಿಸಿದಳು. ಸೊಪ್ಪು ತಿಂದು ಅಲ್ಲೇ ನಿಂತಿತು.

"ನೋಡಿದ್ರಾ ಅತ್ತಿಗೆ, ಸಂತೆನೇ ಗತಿ," ಎಂದ ಗೊಲ್ಲಪ್ಪ.

ನಾಗಕ್ಕ ಗಂಡ ಬುತ್ತಿ ಉಣ್ಣುತ್ತಿದ್ದ ಕಲ್ಲನ್ನು ನೋಡಿದಳು. ತಿಂಗಳಿಂದ ಆಡದೆ ಉಳಿದದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಏನ್ರೀ, ಎಲ್ಲಿ ಅದೀರಿ? ಹತ್ತು ಗಂಟೆ ಆತು, ಬುತ್ತಿ ಉಂಡ್ರಾ, ಇಲ್ಲ ನಾಯಿಗೆ ಹಾಕಿದ್ರಾ? ಅರವತ್ತು ಕುರಿನ ನನ್ನ ಕೊರಳಿಗೆ ಕಟ್ಟಿ ನೀವು ಆರಾಮ್ ಮಲಿಕ್ಕಂಡ್ರಿ. ಸಾಕು ಏಳ್ರಿ, ಲಾರಿ ನೋಡ್ಕಂಡು ದಾಟ್ರಿ ಇನ್ನ."

ಮೇಜರಮ್ಮ ಕಿವಿ ನಿಮಿರಿಸಿತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿ ರಸ್ತೆಗೆ ಇಳಿಯಿತು. ಅದರ ಬಾಲ ಹಿಡಿದಂತೆ ಉಳಿದವೂ ಇಳಿದವು. ಗಾಳಿಯಂತ್ರದ ಉದ್ದನೆಯ ರೆಕ್ಕೆ ಹೊತ್ತು ಬಂದ ಲಾರಿಯೊಂದು ಅವೆಲ್ಲ ದಾಟುವವರೆಗೂ ನಿಂತು ಕಾಯಿತು.

ಆಚೆ ಬದುವಿನ ಮೇಲೆ ಗಂಗಾಧರಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೊಳಲ್ಕೆರೆಯ ಮಗಳ ಮನೆಯಲ್ಲಿ ತಿಂಗಳಿದ್ದು ಹಿಂದಿನ ದಿನವಷ್ಟೇ ಊರಿಗೆ ಬಂದಿದ್ದ.

"ನಾಗಕ್ಕ, ಹದಿನೈದು ವರ್ಸದಿಂದ ಈ ಬೈಗಳ ಕೇಳೇ ನಾನು ಹೊಲಕ್ಕೆ ನೀರು ತಿರುವ್ತಿದ್ದೆ. ಗಡಿಯಾರ ಬೇಕಾಗಿರ್ಲಿಲ್ಲ ನೋಡು."

ನಾಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ಶಿವನೇ, ಫೋನು ಕಿವಿಗೆ ಇಟ್ಕಂತಿರ್ಲಿಲ್ವಾ?"

"ಅವನ ಕಿವಿ ಎಲ್ಲಿ ನೆಟ್ಟಗಿತ್ತು? ಸ್ಪೀಕರ್ ಹಾಕಿ ಆ ಕುರಿ ಮೂತಿ ಮುಂದೆ ಹಿಡಿತಿದ್ದ. ನೀನು ದಾಟ್ರಿ ಅಂದ ಕೂಡ್ಲೆ, ಮೇಲಿಂದ ಆರ್ಡರ್ ಬಂತು, ಹೋಗಾಣ ಮೇಜರಮ್ಮ ಅಂತ ಎದ್ದೇಳ್ತಿದ್ದ."

ಮೀನಾಕ್ಷಿ ನಕ್ಕು ನಕ್ಕು ಅಪ್ಪ ಕೂರುತ್ತಿದ್ದ ಕಲ್ಲಿನ ಮೇಲೆ ಕೂತಳು. ನಾಗಕ್ಕನೂ ನಕ್ಕಳು, ಕಣ್ಣಲ್ಲಿ ನೀರು ಬಂದದ್ದು ನಗೆಗೆ ಎಂದು ಎಲ್ಲರೂ ಒಪ್ಪಿಕೊಂಡರು.

ಸಂತೆಯ ಮಾತು ಅಲ್ಲಿಗೆ ನಿಂತಿತು. ಮೀನಾಕ್ಷಿ ಅಪ್ಪನ ಹಳೆಯ ಫೋನಿಗೆ ಚಾರ್ಜು ಹಾಕಿ ಚಿಕ್ಕಪ್ಪನ ಕೈಗೆ ಕೊಟ್ಟಳು. ಈಗಲೂ ದಿನಾ ಹತ್ತಕ್ಕೆ ನಾಗಕ್ಕನ ಅಡಿಗೆಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಮಗಳು ಹಿಂದೆಯೇ ಬರೆದಿಟ್ಟ 'ಅಪ್ಪ' ಎಂಬ ಹೆಸರು ಅದರಲ್ಲಿ ಮೂಡುತ್ತದೆ. ನಾಗಕ್ಕನಿಗೆ ಓದಲು ಬರುವ ಕೆಲವೇ ಅಕ್ಷರಗಳಲ್ಲಿ ಅವೆರಡು ಸೇರಿವೆ. ಊರೆಲ್ಲ ಕೇಳುತ್ತದೆ ಎಂದು ಗೊತ್ತಾದ ಮೇಲೂ ಅವಳು ದನಿ ತಗ್ಗಿಸಿಲ್ಲ. ಕೈ ಒರೆಸಿಕೊಂಡು, ಎರಡು ಸಲ ಹೊಡೆದುಕೊಳ್ಳಲು ಬಿಟ್ಟು, ಎತ್ತಿಕೊಂಡು ಕೇಳುತ್ತಾಳೆ.

"ಬುತ್ತಿ ಉಂಡ್ರಾ?"

ಕೇಳಿದ್ದು ತನ್ನನ್ನಲ್ಲ ಎಂದು ಗೊತ್ತಿರುವ ಗೊಲ್ಲಪ್ಪ ಸ್ಪೀಕರ್ ಹಾಕುತ್ತಾನೆ. ಫೋನನ್ನು ಮೇಜರಮ್ಮನ ಮೂತಿಯ ಮುಂದೆ ಹಿಡಿಯುತ್ತಾನೆ.