ಭಾನುವಾರದ ಸೂಜಿ

ಡ್ರೈವರಣ್ಣನ ಖಾಕಿ ಅಂಗಿಯ ಮೇಲೆ, ಹೊಕ್ಕುಳಿಗಿಂತ ಒಂದಿಷ್ಟು ಮೇಲೆ, ಅಡ್ಡಲಾಗಿ ಒಂದು ಕಪ್ಪು ಗೆರೆ ಇರುತ್ತಿತ್ತು. ಸ್ಟೀರಿಂಗ್ ತಿರುಗುವಾಗೆಲ್ಲ ಹೊಟ್ಟೆಗೆ ಉಜ್ಜಿ ಉಜ್ಜಿ ಆದ ಗೆರೆ ಅದು. ಅವರ ಹೆಂಡತಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಸೀಟನ್ನು ಹಿಂದಕ್ಕೆ ತಳ್ಳುವಷ್ಟು ತಳ್ಳಿ ಆಗಿತ್ತು. ಇನ್ನೂ ತಳ್ಳಿದರೆ ಕಾಲು ಬ್ರೇಕಿಗೆ ಎಟುಕುತ್ತಿರಲಿಲ್ಲ.

ಸಖರಾಯಪಟ್ಟಣದಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆಗಳು. ನಾನು ಕಡೂರಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ನನ್ನ ಮಗಳು ಓದುವುದು ಕಡೂರಿನದೇ ಒಂದು ಖಾಸಗಿ ಶಾಲೆಯಲ್ಲಿ. ಆ ಶಾಲೆಯ ಬಸ್ಸು ಓಡಿಸುತ್ತಿದ್ದವರು ಇವರು. ಮೂಲ ದೇವನೂರಿನ ಕಡೆ. ಅಲ್ಲಿ ಹೊಲ, ತೆಂಗಿನ ತೋಟ ಎಲ್ಲ ತಮ್ಮಂದಿರು ನೋಡಿಕೊಳ್ಳುತ್ತಿದ್ದರು. ಇವರಿಗೆ ಬಸ್ಸೇ ಪ್ರಾಣ. ಮಕ್ಕಳ ಹೆಸರೆಲ್ಲ ಗೊತ್ತಿದ್ದರೂ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಏ ಎಮ್ಮೆದೊಡ್ಡಿ, ಕೈ ಒಳಗ್ ಹಾಕೋ!" ಯಾವುದಾದರೂ ಮಗು ತಡವಾಗಿ ಓಡಿ ಬರುತ್ತಿದ್ದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿಧಾನ ಕಣೋ, ಸ್ಕೂಲೇನು ಓಡೋಗಲ್ಲ" ಎನ್ನುವರು.

ಅವರ ಗೊರಕೆ ನಮ್ಮ ಮನೆಗೆ ಕೇಳಿಸುತ್ತಿತ್ತು. ಅದಕ್ಕೆ ನಾವು ಒಗ್ಗಿಕೊಂಡಿದ್ದೆವು. ಒಗ್ಗದೆ ಉಳಿದದ್ದು ಗೊರಕೆ ತಟ್ಟನೆ ನಿಂತುಬಿಡುವುದು. ಉಸಿರೇ ಇಲ್ಲದ ಹಾಗೆ ಸದ್ದಡಗಿ, ಆಮೇಲೆ ನೀರಿನಿಂದ ಮೇಲೆದ್ದವರಂತೆ ಒಮ್ಮೆಲೇ ಉಸಿರೆಳೆಯುತ್ತಿದ್ದರು. ಹಗಲಲ್ಲಿ ಕೂತಲ್ಲೇ ತೂಕಡಿಕೆ. ಪೇಪರ್ ಓದುತ್ತಾ ಓದುತ್ತಾ ಅದರ ಮೇಲೆಯೇ ಬಾಗಿಬಿಡುತ್ತಿದ್ದರು. "ದಪ್ಪ ಇದಾರಲ್ಲ, ಅದಕ್ಕೇ" ಎಂದು ಎಲ್ಲರೂ ನಗುತ್ತಿದ್ದೆವು.

ಒಂದು ಮಧ್ಯಾಹ್ನ, ಶಾಲೆಯಿಂದ ಮಕ್ಕಳನ್ನು ಕರೆತರುವಾಗ, ಬಸ್ಸಿನ ಎಡಗಡೆಯ ಚಕ್ರ ಟಾರು ಬಿಟ್ಟು ಮಣ್ಣಿಗೆ ಇಳಿಯಿತು. ಮಕ್ಕಳಿಗೆ ಒಂದು ಕುಲುಕಾಟ, ಅಷ್ಟೇ. ಹಂದಿಯೋ ನಾಯಿಯೋ ಅಡ್ಡ ಬಂತೆಂದು ಹೇಳಿ ಮುಂದೆ ಹೋಗಿಬಿಡಬಹುದಿತ್ತು. ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಅವರು ಬಸ್ಸು ನಿಲ್ಲಿಸಿ, ಶಾಲೆಗೆ ಫೋನ್ ಮಾಡಿ, "ನನಗೆ ಕಣ್ಣು ಮುಚ್ಚೋಯ್ತು. ಬೇರೆ ಡ್ರೈವರ್‌ನ ಕಳಿಸಿ" ಎಂದರಂತೆ. ಮಗಳು ಮನೆಗೆ ಬಂದು, "ಅಮ್ಮ, ಡ್ರೈವರ್ ಮಾಮ ರೋಡಿನ ಪಕ್ಕ ಕೂತ್ಕೊಂಡು ಅತ್ತುಬಿಟ್ರು" ಎಂದಳು. ನಾನು ಅವಳ ಮೈಕೈಯೆಲ್ಲ ಮುಟ್ಟಿ ನೋಡಿದೆ.

ಆವತ್ತಿನಿಂದಲೇ ಅವರು ಬಸ್ಸು ಬಿಟ್ಟರು. ಶಿವಮೊಗ್ಗದ ಒಬ್ಬ ಡಾಕ್ಟರಮ್ಮನಿಗೆ ತೋರಿಸಲು ಹೋದಾಗ ನಾನೂ ಜೊತೆಗೆ ಹೋದೆ. ನಿದ್ದೆಯ ಪರೀಕ್ಷೆ ಮಾಡಿಸಿದಾಗ, ಕುತ್ತಿಗೆಯ ಸುತ್ತ ಸೇರಿದ ಬೊಜ್ಜಿನಿಂದ ಮಲಗಿದಾಗ ಉಸಿರಿನ ದಾರಿ ಮುಚ್ಚಿಹೋಗುತ್ತಿದೆ ಎಂದು ಗೊತ್ತಾಯಿತು. ಮಲಗುವಾಗ ಮೂಗಿಗೆ ಹಾಕಿಕೊಳ್ಳಲು ಒಂದು ಮಾಸ್ಕ್ ಯಂತ್ರ ಕೊಟ್ಟರು. ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ಬರೆದರು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ಇವರಿಗೆ ಮೇದೋಜೀರಕ ಗ್ರಂಥಿಯ ತೊಂದರೆ ಬಂದಿತ್ತೇ ಎಂದೆಲ್ಲ ಕೇಳಿದ ಮೇಲೆ ಹೇಳಿದರು: "ನೋಡಿ ಯಜಮಾನ್ರೇ, ಮೊದಲನೇ ತಿಂಗಳು ತಕ್ಕಡಿ ನೋಡ್ಕೊಂಡು ಕೂರಬೇಡಿ. ಚಿಕ್ಕ ಡೋಸಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ತೀವಿ. ಏರಿಸಿದಾಗೆಲ್ಲ ಹೊಟ್ಟೆ ತೊಳಸುತ್ತೆ, ಮಲಬದ್ಧತೆ ಆಗುತ್ತೆ. ಸ್ವಲ್ಪ ಸ್ವಲ್ಪ ತಿನ್ನಿ, ಕಾಳು ಮೊಟ್ಟೆ ಬಿಡಬೇಡಿ, ನಡೀರಿ. ಹೊಟ್ಟೆ ಮೇಲ್ಭಾಗದಲ್ಲಿ ಜೋರು ನೋವು ಬಂದ್ರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಓಡಿ."

ಅಷ್ಟು ದೊಡ್ಡ ಮನುಷ್ಯನಿಗೆ ಸೂಜಿ ಕಂಡರೆ ಭಯ. ಅವರ ಹೆಂಡತಿ ನನ್ನಿಂದಾಗದು ಎಂದುಬಿಟ್ಟರು. ಹಾಗಾಗಿ ಭಾನುವಾರದ ಆ ಕೆಲಸ ನನ್ನ ಪಾಲಿಗೆ ಬಂತು. ಪೆನ್ನಿನ ಆಕಾರದ ಆ ಇಂಜೆಕ್ಷನ್ ನಮ್ಮ ಫ್ರಿಜ್ಜಿನಲ್ಲಿ, ಮೊಸರಿನ ಡಬ್ಬಿಯ ಪಕ್ಕ ಇರುತ್ತಿತ್ತು. ಅವರು ಗೋಡೆಯ ಕಡೆ ಮುಖ ತಿರುಗಿಸಿ, ಹೊಟ್ಟೆಯ ಮೇಲಿನ ಅಂಗಿ ಎತ್ತಿ, "ಆಯ್ತಾ ಟೀಚರ್?" ಎಂದು ಕೇಳುವರು. ನಾನಿನ್ನೂ ಮುಚ್ಚಳವನ್ನೇ ತೆಗೆದಿರುತ್ತಿರಲಿಲ್ಲ.

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳು ಡೋಸ್ ಏರಿದ ಮೇಲೆ ಶುರುವಾಯಿತು. ಒಗ್ಗರಣೆಯ ವಾಸನೆ ಬಂದರೆ ಎದ್ದು ಹೊರಗೆ ಹೋಗುವರು. ಅವರೆಕಾಳು ಸಾರಿನ ಜೊತೆ ಮೂರು ಮುದ್ದೆ ಮುರಿಯುತ್ತಿದ್ದವರು ಅರ್ಧ ಮುದ್ದೆಗೆ ತಟ್ಟೆ ಸರಿಸುತ್ತಿದ್ದರು. ಅಕ್ಕ, ಅಂದರೆ ಅವರ ಹೆಂಡತಿ, ನಮ್ಮ ಅಡುಗೆಮನೆಗೆ ಬಂದು ಕಣ್ಣೊರೆಸಿಕೊಳ್ಳುತ್ತಿದ್ದರು. "ಮೂವತ್ತು ವರ್ಷದಿಂದ ಇನ್ನೊಂಚೂರು ಹಾಕು ಅಂತಿದ್ದೋರು ಕಣ್ರೀ. ಈಗ ಬೇಡ ಬೇಡ ಅಂತಾರೆ. ನಾವು ಸರಿಯಾದ್ದೇ ಮಾಡ್ತಿದೀವಾ ಟೀಚರಮ್ಮ?" ಸೂಜಿ ಚುಚ್ಚುತ್ತಿದ್ದದ್ದು ನನ್ನ ಕೈ. ಅವರು ಹಿತ್ತಲಲ್ಲಿ ವಾಂತಿ ಮಾಡುವ ಸದ್ದು ಕೇಳಿದಾಗೆಲ್ಲ ನಾನು ಫ್ರಿಜ್ಜು ತೆಗೆದು ಪೆನ್ನಿನ ಮೇಲಿನ ಡೋಸ್ ಮತ್ತೊಮ್ಮೆ ಓದುತ್ತಿದ್ದೆ.

ಆದರೂ ದೇಹ ಇಳಿಯತೊಡಗಿತು. ಕೆನ್ನೆ ಜೋತುಬಿತ್ತು, ಕಾಲರಿನೊಳಗೆ ಕುತ್ತಿಗೆ ಸಡಿಲಾಯಿತು, ಕೂದಲು ಉದುರಿತು. ಊರಿನವರು ತಡೆದು ನಿಲ್ಲಿಸಿ, "ಏನಪ್ಪಾ, ಒಳಗೇನಾದ್ರೂ ಕೆಟ್ಟ ಕಾಯಿಲೆ ಐತಾ?" ಎಂದು ಕೇಳುತ್ತಿದ್ದರು. ಅವರು ಮುಚ್ಚಿಡಲಿಲ್ಲ. "ಬೊಜ್ಜಿಗೆ ಔಷಧಿ ತಗೋತಿದೀನಿ ಕಣಪ್ಪ, ಬಸ್ ಓಡಿಸ್ಬೇಕು" ಎನ್ನುತ್ತಿದ್ದರು. ಕೆಲವರು ನಕ್ಕರು. ಬಾಯಿ ಕಟ್ಟಿದ್ದರೆ ಸಾಕಿತ್ತಲ್ಲ ಎಂದರು. ಆ ಮಾತು ಅವರಿಗೆ ನಾಟುತ್ತಿತ್ತು. ಆವತ್ತಿಡೀ ಜಗುಲಿಗೆ ಬರುತ್ತಿರಲಿಲ್ಲ.

ಅಜ್ಜಂಪುರದಲ್ಲಿ ಅಕ್ಕನ ತಮ್ಮನ ಮನೆಯ ಗೃಹಪ್ರವೇಶಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಡ್ರೈವರಣ್ಣ ಎಲೆಯಲ್ಲಿ ಅನ್ನ ಕಲಸುತ್ತಾ ಕೂತಿದ್ದರು. "ಯಾಕ್ ಭಾವ, ನಮ್ಮನೆ ಊಟ ಸೇರಲ್ವಾ?" ಎಂದು ಬಾಮೈದ ಎರಡು ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದ. ಹೊಸ ಮನೆಯ ಯಜಮಾನ ಮುಂದೆ ನಿಂತಿದ್ದಾನೆ. ಹೇಗೆ ಬೇಡವೆನ್ನುವುದು? ತಿಂದರು. ಸ್ವಲ್ಪ ಹೊತ್ತಿಗೆ ಶಾಮಿಯಾನದ ಕಂಬ ಹಿಡಿದು ಬಗ್ಗಿ ನಿಂತದ್ದು ಕಂಡಿತು. ಬಲ ಪಕ್ಕೆಯ ಕೆಳಗೆ ಕೈ ಒತ್ತಿಕೊಂಡಿದ್ದರು. ಮುಖವೆಲ್ಲ ಬೆವರು.

ಬಾಮೈದನೇ ಕಾರು ತೆಗೆದ. ತರೀಕೆರೆ ಮುಟ್ಟುವವರೆಗೆ ಡ್ರೈವರಣ್ಣ ಒಂದೇ ಸಮ, "ಬೆನ್ನಿಗೆ ಹೊಡೀತಾ ಐತೆ ಟೀಚರ್" ಎನ್ನುತ್ತಿದ್ದರು. ಇಂಥ ನೋವು ಬಂದರೇ ಕಾಯಬೇಡಿ ಎಂದಿದ್ದರು ಡಾಕ್ಟರಮ್ಮ. ಹಿಂದಿನ ಭಾನುವಾರ ಚುಚ್ಚಿದ್ದು ನಾನೇ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ತರೀಕೆರೆಯಲ್ಲಿ ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ಮೇದೋಜೀರಕ ಗ್ರಂಥಿಗೆ ಏನೂ ಆಗಿರಲಿಲ್ಲ. ಪಿತ್ತಕೋಶದಲ್ಲಿ ಕಲ್ಲು. ತೂಕ ಬೇಗ ಇಳಿದಾಗ ಹೀಗಾಗುವುದುಂಟಂತೆ. ಅಕ್ಕ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, "ಸಾಕು, ಆ ಸೂಜಿ ಸಾಕು" ಎಂದರು.

ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಅದಕ್ಕೆ ಮುಂಚಿನಿಂದಲೂ, ಆದ ಮೇಲೂ ಕೆಲವು ವಾರ ಇಂಜೆಕ್ಷನ್ ನಿಲ್ಲಿಸಿದ್ದರು. ಗಾಯ ಮಾಗಿತು. ಅದರ ಹಿಂದೆಯೇ ಹಸಿವು ವಾಪಸ್ಸು ಬಂತು.

ಒಂದು ಸಂಜೆ ಅವರು ಜಗುಲಿಯ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಬೋಂಡದ ಪೊಟ್ಟಣ ಖಾಲಿಯಾಗಿತ್ತು. ಅದು ನನ್ನ ಕಣ್ಣಿಗೆ ಬಿತ್ತೆಂದು ತಿಳಿದು ತಲೆ ತಗ್ಗಿಸಿದರು. "ಊಟ ಮಾಡಿ ಕೈ ತೊಳ್ದಿರ್ತೀನಿ ಟೀಚರ್, ಆಗ್ಲೇ ಹೊಟ್ಟೆ ಕೂಗುತ್ತೆ. ಔಷಧಿ ತಗೊಂಡಾಗ ಆ ಕೂಗು ಇರ್ಲಿಲ್ಲ. ಮಿಕ್ಕೋರೆಲ್ಲ ಹುಟ್ಟಿದಾಗಿಂದ ಹಂಗೇ ಇರ್ತಾರಾ? ಒಂದ್ ಮುದ್ದೆ ತಿಂದ್ರೆ ಸುಮ್ನಾಗುತ್ತಾ ಅವರ ಹೊಟ್ಟೆ?"

ಹೌದೆಂದೆ. ಅವರು ಖಾಲಿ ಪೊಟ್ಟಣವನ್ನು ಮಡಚಿ ಮಡಚಿ ಚಿಕ್ಕದು ಮಾಡಿದರು. ಆಮೇಲೆ, "ನಾನ್ ಅಂದ್ಕೊಂಡಿದ್ದೆ ಎಲ್ಲರೂ ತಡ್ಕೋತಾರೆ, ನನ್ ಕೈಲಿ ಮಾತ್ರ ಆಗಲ್ಲ ಅಂತ" ಎಂದರು.

ಇಳಿದ ತೂಕದಲ್ಲಿ ಒಂದು ಪಾಲು ಏರಿಯೇಬಿಟ್ಟಿತ್ತು. ಮತ್ತೆ ಡಾಕ್ಟರಮ್ಮನ ಮುಂದೆ ಕೂತಾಗ ಅವರು ಅಪರಾಧಿಯ ಹಾಗೆ ಕೈಕಟ್ಟಿಕೊಂಡಿದ್ದರು. ಡಾಕ್ಟರಮ್ಮ ಬೈಯಲಿಲ್ಲ. "ಬಿಪಿ ಮಾತ್ರೆ ನಿಲ್ಲಿಸಿದ್ರೆ ಬಿಪಿ ಏರಲ್ವಾ? ಇದೂ ಹಾಗೇ. ಬಹುಶಃ ವರ್ಷಗಟ್ಟಲೆ ತಗೋಬೇಕು. ಮತ್ತೆ ಚಿಕ್ಕ ಡೋಸಿಂದ ಶುರು ಮಾಡೋಣ. ಒಂದು ಹಂತಕ್ಕೆ ಬಂದು ತೂಕ ನಿಂತುಬಿಡುತ್ತೆ, ಆಗ ಔಷಧಿ ಸೋತಿತು ಅಂತ ಬಿಡಬೇಡಿ" ಎಂದರು. ಅಕ್ಕನಿಗೆ ಇಷ್ಟವಿರಲಿಲ್ಲ. ನನಗೂ ಧೈರ್ಯವಿರಲಿಲ್ಲ. ಅವರು ಅಕ್ಕನ ಕಡೆ ತಿರುಗಿ, "ಭಯ ನಂಗೂ ಐತೆ ಕಣೇ. ಆದ್ರೆ ಬಸ್ಸಲ್ಲಿ ಕಣ್ಣು ಮುಚ್ಚೋಯ್ತಲ್ಲ, ಆವತ್ತಿನ ಭಯ ಇದಕ್ಕಿಂತ ದೊಡ್ಡದು" ಎಂದರು. ಮುಂದಿನ ಭಾನುವಾರ ಮತ್ತೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

ಮತ್ತೆ ವಾಕರಿಕೆ, ಮತ್ತೆ ಅರ್ಧ ಮುದ್ದೆ. ಈ ಸಲ ಏನು ಬರುತ್ತದೆಂದು ಗೊತ್ತಿದ್ದುದರಿಂದ ಸ್ವಲ್ಪ ಹಗುರ ಅನ್ನಿಸಿತು. ಬೆಳಿಗ್ಗೆ ತೋಟದ ದಾರಿಯಲ್ಲಿ ನಡೆಯುತ್ತಿದ್ದರು. ತೂಕ ಇಳಿದು ಇಳಿದು ಒಂದು ಕಡೆ ನಿಂತಿತು. ತೆಳ್ಳಗೇನೂ ಆಗಲಿಲ್ಲ, ದಪ್ಪ ಮನುಷ್ಯನೇ. ಆದರೆ ಹೊಸದಾಗಿ ಮಾಡಿಸಿದ ನಿದ್ದೆಯ ಪರೀಕ್ಷೆಯಲ್ಲಿ ಉಸಿರು ನಿಲ್ಲುವುದು ಬಹುಮಟ್ಟಿಗೆ ಕಡಿಮೆಯಾಗಿತ್ತು. ಹಗಲಿನ ತೂಕಡಿಕೆ ಹೋಗಿತ್ತು. ಮಾಸ್ಕ್ ಬಿಡದೆ ಹಾಕಿಕೊಂಡರೆ ಬಸ್ಸು ಓಡಿಸಬಹುದೆಂದು ಡಾಕ್ಟರಮ್ಮ ಬರೆದುಕೊಟ್ಟರು.

ಶಾಲೆಯವರು ತಂದೆತಾಯಿಯರನ್ನು ಕೇಳದೆ ಬಸ್ಸು ಕೊಡುವುದಿಲ್ಲ ಎಂದರು. ಆ ಸಭೆಯಲ್ಲಿ ಡ್ರೈವರಣ್ಣ ಎದ್ದು ನಿಂತು ಎಲ್ಲವನ್ನೂ ತಾವೇ ಹೇಳಿದರು. ಕಣ್ಣು ಮುಚ್ಚಿಹೋದದ್ದು, ಯಂತ್ರ, ಸೂಜಿ, ನಿಲ್ಲಿಸಿದಾಗ ತೂಕ ಏರಿದ್ದು. ಯಾರೋ, "ಮತ್ತೆ ನಿಲ್ಸಿದ್ರೆ?" ಎಂದು ಕೇಳಿದರು. "ನಿಲ್ಸೋ ಪರಿಸ್ಥಿತಿ ಬಂದ್ರೆ ಮೊದ್ಲು ನಿಮಗೆ ಹೇಳ್ತೀನಿ. ಆವತ್ತೇ ಬಸ್ ಇಳೀತೀನಿ" ಎಂದರು. ಹೊರಗೆ ಬಂದ ಮೇಲೆ ನನ್ನ ಹತ್ತಿರ ಬೇರೆಯಾಗಿ ಹೇಳಿದರು: "ಟೀಚರ್, ಪಕ್ಕದ ಮನೆಯೋನು ಅಂತ ದಾಕ್ಷಿಣ್ಯ ಬೇಡ. ಪುಟ್ಟೀನ ಕಳಿಸೋಕೆ ಮನಸ್ಸು ಬರ್ದಿದ್ರೆ ಕಳಿಸ್ಬೇಡಿ."

ಕಳಿಸಿದೆ. ಧೈರ್ಯವಿತ್ತೆಂದು ಹೇಳಲಾರೆ. ಆವತ್ತು ಶಾಲೆಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಒಂದು ಕೆಲಸವೂ ಕೈಗೆ ಹತ್ತಲಿಲ್ಲ. ಸಂಜೆ ಬಸ್ಸು ಬರುವ ಹೊತ್ತಿಗಿಂತ ಮುಂಚೆಯೇ ರಸ್ತೆಗೆ ಹೋಗಿ ನಿಂತೆ. ಬರುವ ಹೊತ್ತು ಮೀರಿತು. ಕಡೂರಿನ ಕಡೆಯಿಂದ ಲಾರಿ ಬಂತು, ಆಟೋ ಬಂತು, ಹಳದಿ ಬಸ್ಸು ಮಾತ್ರ ಕಾಣಲಿಲ್ಲ. ಫೋನ್ ಮಾಡಿದರೆ ಓಡಿಸುವವರ ಗಮನ ತಪ್ಪುತ್ತದೆಂದು ಅದನ್ನೂ ಮಾಡಲಿಲ್ಲ. ತನ್ನ ತಪ್ಪನ್ನು ತಾನೇ ಕೂಗಿ ಹೇಳಿದ ಮನುಷ್ಯನಿಂದಾಗಿ ನನ್ನ ಮಗಳು ಉಳಿದಿದ್ದಾಳೆ, ಆ ಋಣ ನಾನು ತೀರಿಸುವಂಥದ್ದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ನಿಂತಿದ್ದೆ. ಆದರೂ ಎರಡು ಸಲ ರಸ್ತೆಯ ನಡುವಿಗೇ ಹೋಗಿ ಕಡೂರಿನ ಕಡೆ ಇಣುಕಿದೆ.

ಬಸ್ಸು ಬಂತು. ರೈಲ್ವೆ ಗೇಟು ಹಾಕಿತ್ತಂತೆ. ಮಕ್ಕಳೆಲ್ಲ ಇಳಿದರು, ಮಗಳು ಇಳಿಯಲಿಲ್ಲ. ಹತ್ತಿ ನೋಡಿದರೆ ಡ್ರೈವರ್ ಸೀಟಿನ ಹಿಂದೆಯೇ ಬ್ಯಾಗನ್ನು ತಬ್ಬಿಕೊಂಡು, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು. ನಾನು ಎಬ್ಬಿಸಲು ಹೋದೆ. ಡ್ರೈವರಣ್ಣ ಕೈ ಅಡ್ಡ ಹಿಡಿದು ಮೆಲ್ಲಗೆ ಅವಳನ್ನು ಹೆಗಲಿಗೆ ಹಾಕಿಕೊಂಡರು.

"ಮಲಗ್ಲಿ ಬಿಡಿ ಟೀಚರ್. ನಾನ್ ಎಚ್ಚರ ಇದೀನಲ್ಲ."