ಹೆಪ್ಪು ತರಲು ಹೋದ ಗೌರಿ

ಆಗೆಲ್ಲ ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಬೆಳಗಾಗುತ್ತಿದ್ದುದೇ ಮರ ಕಡೆಯುವ ಲೇತುಗಳ ಸದ್ದಿನಿಂದ. ಬೊಂಬೆ ಮಾಡುವ ಮನೆಗಳು ಮೂರು, ಲೇತುಗಳೂ ಮೂರು. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದಾಗ ಏಳುವ ಬಿಸಿ ವಾಸನೆ ನಮ್ಮ ಒಗ್ಗರಣೆಯ ಘಮದೊಳಗೆ ಬೆರೆತುಹೋಗುತ್ತಿತ್ತು. ಯಾವ ಸದ್ದು ಯಾರ ಮನೆಯದೆಂದು ಕಣ್ಣು ಮುಚ್ಚಿಯೂ ಹೇಳುತ್ತಿದ್ದೆ.

ಆ ಬೇಸಿಗೆ ನನ್ನ ತಂಗಿ ಗೌರಿಗೆ ಒಂಬತ್ತು ತುಂಬಿತ್ತು. ಅವಳಿಗಿರುವುದು ಡೌನ್ ಸಿಂಡ್ರೋಮ್ ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದರಂತೆ. ನನಗೆ ಗೊತ್ತಿದ್ದುದು ಅವಳ ಗಿಡ್ಡ ಬೆರಳುಗಳು, ನಿಧಾನದ ಮಾತು, ಮತ್ತು ಹೊರಗೆ ಹೋದರೆ ಅವಳ ಕೈ ನನ್ನ ಕೈಯಲ್ಲೇ ಇರಬೇಕೆಂಬ ಕಟ್ಟಪ್ಪಣೆ.

ಒಂದು ಮಧ್ಯಾಹ್ನ ಅಮ್ಮ ಇದ್ದ ಮೊಸರನ್ನೆಲ್ಲ ಅನ್ನಕ್ಕೆ ಸುರಿದು ಕಲಸಿದಳು. ಹೆಪ್ಪಿಗೆಂದು ಒಂದು ಚಮಚವನ್ನೂ ಉಳಿಸಲಿಲ್ಲ. ಅಮ್ಮ ಹಾಗೆ ಮರೆಯುವವಳಲ್ಲ. ಸಂಜೆ ಹಾಲು ಕಾಯಿಸಿಟ್ಟು, ಗೌರಿಯ ಕೈಗೆ ಸ್ಟೀಲ್ ಲೋಟ ಕೊಟ್ಟಳು.

"ಶಕೀಲಾ ಆಂಟಿ ಮನೇಗೋಗಿ ಹೆಪ್ಪು ಇಸ್ಕೊಂಡು ಬಾ. ನೀನೊಬ್ಳೇ."

ಅಜ್ಜಿ ಸಿಡಿದಳು. "ನಿಂಗೇನು ತಲೆಗಿಲೆ ಕೆಟ್ಟೈತಾ? ಆ ಕೂಸು ಎತ್ತಗಾರ ಹೊಂಟೋದ್ರೆ?"

"ನಾನಿರೋಗಂಟ ಕೈ ಹಿಡ್ಕೋಬೋದು ಅತ್ತೆ. ಆಮೇಲೆ?"

ಅಮ್ಮ ಗೇಟಿನ ಬಳಿ ಕುಳಿತು ಬೆಳ್ಳುಳ್ಳಿ ಸುಲಿಯತೊಡಗಿದಳು. ಬೀದಿ ಅಲ್ಲೇ ತಿರುಗುತ್ತಿದ್ದುದರಿಂದ ಗೌರಿ ಕಾಣುತ್ತಿರಲಿಲ್ಲ. ಆದರೆ ಮೊದಲ ಲೇತು ನಿಂತಿತು. "ಏನವ್ವಾ, ಒಬ್ಳೇ ಸವಾರಿ?" ಎಂಬ ದನಿ ಕೇಳಿತು. ಲೇತು ಮತ್ತೆ ಓಡಿತು. ಸ್ವಲ್ಪ ಹೊತ್ತಿಗೆ ಎರಡನೆಯದು ನಿಂತು ಓಡಿತು, ಆಮೇಲೆ ಮೂರನೆಯದು, ರಹೀಂ ಮಾಮನದು. ಅದರಾಚೆಯ ಮನೆಯೇ ಶಕೀಲಾ ಆಂಟಿಯದು.

ಅವಳು ವಾಪಸು ಬರುವಾಗ ರಹೀಂ ಮಾಮನ ಲೇತು ನಿಂತಿತು. ಮತ್ತೆ ಓಡಲೇ ಇಲ್ಲ.

ಅಮ್ಮನ ಬೆರಳಲ್ಲಿದ್ದ ಎಸಳು ಅಲ್ಲೇ ಉಳಿಯಿತು. ನಾನು ಓಡಲು ಎದ್ದೆ. ಅಮ್ಮ ನನ್ನ ಲಂಗ ಹಿಡಿದೆಳೆದಳು. "ಒಸಿ ತಡಿ."

ಎಷ್ಟೋ ಹೊತ್ತಿನ ಮೇಲೆ ಆ ಸದ್ದು ಮರಳಿತು. ಬಳಿಕ ಎರಡನೆಯದು ನಿಂತಿತು, ಮೊದಲನೆಯದು ನಿಂತಿತು. ಗೌರಿ ಬಂದಳು. ಫ್ರಾಕಿನ ತುಂಬ ಮೊಸರು, ಲೋಟ ಎರಡೂ ಕೈಯಲ್ಲಿ.

"ಚೆಲ್ತು. ಮತ್ತೆ ಹೋದೆ. ಇಸ್ಕೊಂಡೆ."

ಸ್ವಲ್ಪ ಹೊತ್ತಿಗೆ ರಹೀಂ ಮಾಮ ಲೇತು ನಿಲ್ಲಿಸಿ ಬಂದರು. ಅವರ ತೋಳಿನ ಮೇಲೆಲ್ಲ ಮರದ ಹೊಟ್ಟು. "ನಾನು ತಂದ್ಕೊಡ್ತೀನಿ ಅಂದೆ ಕಣಕ್ಕ. 'ಬ್ಯಾಡ ಮಾಮ, ನಾನೇ' ಅಂದ್ಬುಟ್ಳು!"

ಅಜ್ಜಿ ಗೌರಿಯ ಫ್ರಾಕು ಬಿಚ್ಚಿ ನೆನೆಹಾಕಿದಳು. ಮರುದಿನ ಮೊಸರು ಗಟ್ಟಿಯಾಗಿ ಕೂತಿತ್ತು. ಮೊದಲ ಸೌಟು ಗೌರಿಯ ತಟ್ಟೆಗೆ ಬಡಿಸಿದವಳೂ ಅಜ್ಜಿಯೇ.

ನಾನೀಗ ರಾಮನಗರದಲ್ಲಿದ್ದೇನೆ. ನನ್ನ ಫ್ರಿಜ್ಜಿನಲ್ಲಿ ಮೊಸರಿನ ಪ್ಯಾಕೆಟ್ಟಿದೆ. ಹೆಪ್ಪು ಕೇಳಿಕೊಂಡು ನನ್ನ ಬಾಗಿಲಿಗೆ ಈವರೆಗೆ ಯಾರೂ ಬಂದಿಲ್ಲ. ಹೋದ ತಿಂಗಳು ತವರಿಗೆ ಹೋಗಿದ್ದಾಗ ಗೌರಿ ಶಕೀಲಾ ಆಂಟಿಯ ಮನೆಗೆ ಹೊರಟಳು. ಹಳೆಯ ಅಭ್ಯಾಸ, ನಾನು ಗೇಟಿನಲ್ಲಿ ಕಿವಿಗೊಟ್ಟು ನಿಂತೆ. ಮೂರು ಲೇತುಗಳೂ ನಿಂತು ವರ್ಷಗಳಾಗಿವೆ. ಅವಳು ಎಲ್ಲಿಯವರೆಗೆ ಹೋದಳೆಂದು ಹೇಳುವ ಸದ್ದು ಒಂದೂ ಇರಲಿಲ್ಲ.

ಅಮ್ಮ ಸುಲಿಯುತ್ತಿದ್ದ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ.

"ಅಲ್ಯಾಕೆ ನಿಂತಿದ್ದೀಯೇ? ಬತ್ತಾಳೆ ಬುಡು."